ಬಲಕ್ಕೆ ತಿರುಗುವ ಚೆಂಡು

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಹೊತ್ತಿನ ಒಂದು ಬೆಳಿಗ್ಗೆ, ಬೆಂಗಳೂರಿನ ಗಾಲ್ಫ್ ಕೋರ್ಸ್ ಒಂದರಲ್ಲಿ ನಾನು ಹೊಡೆದ ಚೆಂಡು ಕಳೆ ಕೀಳುತ್ತಿದ್ದ ಹೆಂಗಸೊಬ್ಬರಿಂದ ಎರಡು ಮಾರು ಆಚೆಗೆ ಬಿದ್ದು, ಪುಟಿದು, ಅವರ ಪಕ್ಕದಲ್ಲಿದ್ದ ಊಟದ ಡಬ್ಬಿಯನ್ನು ಉರುಳಿಸಿ ಮುಂದೆ ಹೋಯಿತು. ನಾನು ಗುರಿಯಿಟ್ಟದ್ದು ಫೇರ್‌ವೇಯ ನಟ್ಟನಡುವಿಗೆ. ಆಕೆ ಕುಳಿತಿದ್ದುದು ಅಲ್ಲಿಂದ ಐವತ್ತು ಗಜ ಬಲಕ್ಕೆ, ಸಾಲುಮರಗಳ ನೆರಳಿನಲ್ಲಿ. ಚೆಂಡು ತಪ್ಪಿತೆಂದು ಕಂಡೊಡನೆ ‘ಫೋರ್’ ಎಂದು ಕೂಗಿ ಎಚ್ಚರಿಸಬೇಕೆಂಬುದು ಈ ಆಟದ ಮೊದಲ ಪಾಠ. ಆ ಕೂಗು ನನ್ನ ಗಂಟಲಿನಿಂದ ಹೊರಡುವ ಹೊತ್ತಿಗೆ ಚೆಂಡು ನೆಲ ಮುಟ್ಟಿಯಾಗಿತ್ತು. ಓಡಿಹೋಗಿ ಕ್ಷಮೆ ಕೇಳಿದೆ. ಆಕೆ ಡಬ್ಬಿಯನ್ನು ಎತ್ತಿಕೊಂಡು, ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿ, ‘ಪರವಾಗಿಲ್ಲ ಬಿಡಿ ಸಾರ್, ದಿನಾ ಬರ್ತಾವೆ’ ಎಂದರು.

ದಿನಾ ಬರುವ ಆ ಚೆಂಡುಗಳ ಬಗ್ಗೆ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಗಾಲ್ಫ್ ಚೆಂಡು 45.93 ಗ್ರಾಂಗಿಂತ ಹೆಚ್ಚು ತೂಗಬಾರದು, ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಕ್ರಿಕೆಟ್ ಚೆಂಡಿನ ತೂಕದ ಮೂರನೇ ಒಂದು ಪಾಲೂ ಇಲ್ಲ. ಆದರೆ ನನ್ನಂಥ ಹವ್ಯಾಸಿಯ ಡ್ರೈವರಿನಿಂದ ಹೊರಟಾಗಲೂ ಅದರ ವೇಗ ಗಂಟೆಗೆ 200 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಕ್ರಿಕೆಟ್ಟಿನಲ್ಲಿ ಅಷ್ಟು ವೇಗದ ಎಸೆತವನ್ನು ಯಾರೂ ಎದುರಿಸಿಲ್ಲ. ಅಲ್ಲಿ ಎದುರಿಗಿರುವವನಿಗೆ ಹೆಲ್ಮೆಟ್ಟು, ಪ್ಯಾಡು, ಕೈಗವಸುಗಳಾದರೂ ಇರುತ್ತವೆ. ಇಲ್ಲಿ ಕಳೆ ಕೀಳುವವರಿಗೆ ಬಹುಪಾಲು ಇರುವುದು ತಲೆಗೆ ಸುತ್ತಿದ ಒಂದು ವಸ್ತ್ರ. ಅಂದಿನಿಂದ ‘ನನ್ನ ಚೆಂಡು ಯಾಕೆ ಬಲಕ್ಕೆ ಹೋಗುತ್ತದೆ’ ಎಂಬುದು ಅಂಕಪಟ್ಟಿಯ ಪ್ರಶ್ನೆಯಾಗಿ ಮಾತ್ರ ಉಳಿಯಲಿಲ್ಲ.

ಗಾಲ್ಫ್ ಎಂದೊಡನೆ ನಮ್ಮಲ್ಲಿ ಹಲವರ ಹುಬ್ಬು ಮೇಲೇರುತ್ತದೆ. ಅದು ಸಹಜವೂ ಹೌದು. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ, ದಂಡುಪ್ರದೇಶದ ಆಂಗ್ಲರ ಬಿಡುವಿಗಾಗಿ. ಆ ಆಟಕ್ಕೆ ಬೇಕಾಗುವ ನೆಲ ಮತ್ತು ನೀರಿನ ಲೆಕ್ಕವನ್ನು ಈ ನಗರ ಒಂದಲ್ಲ ಒಂದು ದಿನ ಕೇಳಲೇಬೇಕು. ಅದು ಬೇರೆಯೇ ಲೇಖನದ ವಿಷಯ. ನಾನು ಈ ಆಟಕ್ಕೆ ಬಂದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಮಂಡಿ ನೋವಿನಿಂದಾಗಿ ಶಟಲ್ ಬಿಟ್ಟ ಮೇಲೆ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು. ನಿಂತಿರುವ ಚೆಂಡನ್ನು ಹೊಡೆಯುವುದರಲ್ಲಿ ಏನಿದೆ ಎಂಬುದು ಆಗ ನನ್ನ ಧೋರಣೆಯಾಗಿತ್ತು. ಶಾಲೆಯ ದಿನಗಳಲ್ಲಿ ಓಡಿಬರುವ ಚೆಂಡನ್ನು ಹೊಡೆದವನಿಗೆ ಇದೇನು ಮಹಾ?

ಹೊಡೆತದ ನಂತರ ಬಲಗೈ ಆಟಗಾರನ ಚೆಂಡು ಗಾಳಿಯಲ್ಲಿ ಬಾಳೆಕಾಯಿಯಂತೆ ಬಾಗಿ ಬಲಕ್ಕೆ ತಿರುಗುವುದನ್ನು ಸ್ಲೈಸ್ ಎನ್ನುತ್ತಾರೆ. ಎಡಕ್ಕೆ ತಿರುಗಿದರೆ ಅದು ಹುಕ್. ಹೊಸಬರಲ್ಲಿ ಹೆಚ್ಚಿನವರ ರೋಗ ಮೊದಲನೆಯದು. ಅದಕ್ಕೆ ಎಲ್ಲರೂ ತಾವೇ ಕಂಡುಕೊಳ್ಳುವ ಮದ್ದೂ ಒಂದೇ: ಚೆಂಡು ಬಲಕ್ಕೆ ಹೋಗುತ್ತಿದ್ದರೆ ಇನ್ನಷ್ಟು ಎಡಕ್ಕೆ ತಿರುಗಿ ನಿಂತು ಹೊಡೆಯುವುದು. ನಾನೂ ಹಾಗೆಯೇ ಮಾಡಿದೆ. ಚೆಂಡು ಇನ್ನೂ ಹೆಚ್ಚು ಬಲಕ್ಕೆ ಬಾಗಿತು. ಮತ್ತಷ್ಟು ಎಡಕ್ಕೆ ತಿರುಗಿದೆ. ಕೊನೆಗೆ ಪಕ್ಕದ ಫೇರ್‌ವೇಯಲ್ಲಿ ಆಡುತ್ತಿದ್ದವರು ನಾನು ತಮ್ಮ ಕಡೆಗೇ ಗುರಿಯಿಟ್ಟಿದ್ದೇನೆಂದು ತಿಳಿದು ಮರದ ಮರೆಗೆ ಸರಿದುಕೊಂಡರು. ಚೆಂಡು ಅವರ ಕಡೆಗೆ ಹೊರಟು, ಮಧ್ಯಾಕಾಶದಲ್ಲಿ ಮನಸ್ಸು ಬದಲಿಸಿ, ಎಂದಿನಂತೆ ಬಲಗಡೆಯ ಸಾಲುಮರಗಳಿಗೆ ಹೋಯಿತು.

ಇದು ಏಕೆ ಹೀಗೆ ಎಂಬುದಕ್ಕೆ ವಿಜ್ಞಾನದಲ್ಲಿ ಸ್ಪಷ್ಟವಾದ ಉತ್ತರವಿದೆ. ಆದರೆ ಬಹುಕಾಲ ಆಟದ ಪಾಠಗಳು ಅದಕ್ಕೆ ತದ್ವಿರುದ್ಧವಾದದ್ದನ್ನೇ ಹೇಳುತ್ತ ಬಂದವು. ಚೆಂಡು ಬೀಸಿನ ದಿಕ್ಕಿನಲ್ಲಿ ಹೊರಟು, ಆಮೇಲೆ ಕ್ಲಬ್ಬಿನ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂಬುದು ಹಳೆಯ ಪಾಠ. ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ತಮ್ಮ 1968ರ ಪುಸ್ತಕದಲ್ಲಿ ಪ್ರಯೋಗಗಳ ಮೂಲಕ ಬೇರೆಯೇ ಚಿತ್ರ ಕೊಟ್ಟಿದ್ದರು. ಅದನ್ನು ಬೋಧಕರು ಒಪ್ಪಿಕೊಂಡದ್ದು ಮಾತ್ರ ಮೂರು ನಾಲ್ಕು ದಶಕಗಳ ನಂತರ, ಚೆಂಡಿನ ಹಾರಾಟವನ್ನು ರೇಡಾರಿನಿಂದ ಅಳೆಯುವ ಯಂತ್ರಗಳು ಅಭ್ಯಾಸದ ಅಂಗಳಕ್ಕೆ ಬಂದ ಮೇಲೆ. ಚೆಂಡು ಹೊರಡುವ ದಿಕ್ಕನ್ನು ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚಾಗಿ ನಿರ್ಧರಿಸುವುದು ಚೆಂಡಿಗೆ ತಾಗಿದ ಗಳಿಗೆಯಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು ಎಂಬುದು. ಅದು ಬಾಗುವುದನ್ನು ನಿರ್ಧರಿಸುವುದು ಆ ಮುಖಕ್ಕೂ ಬೀಸು ಸಾಗುತ್ತಿದ್ದ ದಾರಿಗೂ ನಡುವಿನ ಅಂತರ. ಬೀಸು ಎಡಕ್ಕೆ ಸಾಗುತ್ತಿದ್ದು ಮುಖ ಅದಕ್ಕಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಓರೆಯಾಗಿ ತಿರುಗತೊಡಗುತ್ತದೆ, ಬಲಕ್ಕೆ ಬಾಗುತ್ತದೆ. ನಾನು ಎಡಕ್ಕೆ ತಿರುಗಿ ನಿಂತಷ್ಟೂ ನನ್ನ ಬೀಸು ಎಡಕ್ಕೆ ಓಡುತ್ತಿತ್ತು. ಆದರೆ ನನ್ನ ಕೈಗಳಿಗೆ ನಿಜವಾದ ಗುರಿ ಎಲ್ಲಿದೆಯೆಂದು ಗೊತ್ತಿದ್ದುದರಿಂದ ಅವು ಕ್ಲಬ್ಬಿನ ಮುಖವನ್ನು ಅತ್ತಲೇ ಹಿಡಿದಿರುತ್ತಿದ್ದವು. ಎರಡರ ಅಂತರ ಬೆಳೆಯಿತು. ಚೆಂಡು ಇನ್ನಷ್ಟು ಬಾಗಿತು. ನಾನು ಕೊಡುತ್ತಿದ್ದ ಮದ್ದೇ ರೋಗವನ್ನು ಸಾಕುತ್ತಿತ್ತು.

ತಿರುಗುವ ಚೆಂಡು ಗಾಳಿಯಲ್ಲಿ ಬಾಗುವ ಬಗೆಯನ್ನು ಕನ್ನಡಿಗರಿಗೆ ಹೊಸದಾಗಿ ವಿವರಿಸಬೇಕಿಲ್ಲ. ಪ್ರಸನ್ನ ಅವರ ಆಫ್ ಸ್ಪಿನ್ ಗಾಳಿಯಲ್ಲಿ ತೇಲಿ ದಿಢೀರನೆ ಇಳಿಯುತ್ತಿದ್ದುದನ್ನು ಕಂಡವರು, ಕೇಳಿದವರು ಈ ಊರಿನಲ್ಲಿ ಸಾಕಷ್ಟಿದ್ದಾರೆ. ಗಾಲ್ಫ್ ಚೆಂಡಿಗೂ ಅದೇ ನಿಯಮ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್, ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಲು ಅದರ ಹಿಮ್ಮುಖ ತಿರುಗುವಿಕೆಯೇ ಕಾರಣವೆಂದು ತೋರಿಸಿಕೊಟ್ಟರು. (ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಹವ್ಯಾಸಿ ಚಾಂಪಿಯನ್. ಮನೆಯಲ್ಲೇ ಸಿದ್ಧಾಂತ, ಮನೆಯಲ್ಲೇ ಪ್ರಯೋಗ.) ಮುಖ್ಯ ಸಂಗತಿಯೆಂದರೆ ಚೆಂಡಿಗೆ ಹಿಂದಕ್ಕೊಂದು, ಪಕ್ಕಕ್ಕೊಂದು ಎಂದು ಎರಡು ತಿರುಗುವಿಕೆಗಳಿರುವುದಿಲ್ಲ. ಇರುವುದು ಒಂದೇ. ಅದರ ಅಚ್ಚು ನೆಲಕ್ಕೆ ಸಮಾನಾಂತರವಾಗಿದ್ದರೆ ಚೆಂಡು ನೆಟ್ಟಗೆ ಹೋಗುತ್ತದೆ; ವಿಮಾನದ ರೆಕ್ಕೆಯಂತೆ ಒಂದು ಕಡೆ ವಾಲಿದರೆ ಆ ಕಡೆಗೆ ತಿರುಗುತ್ತದೆ. ಚಪ್ಪಟೆ ಮುಖದ ಡ್ರೈವರಿನಲ್ಲಿ ಈ ವಾಲುವಿಕೆ ಹೆಚ್ಚು. ಮುಖ ಮೇಲಕ್ಕೆ ಬಾಗಿರುವ ಕ್ಲಬ್ಬುಗಳಲ್ಲಿ ಕಡಿಮೆ. ಬ್ಯಾಗಿನ ಒಂಬತ್ತನೇ ನಂಬರಿನಿಂದ ನೇರವಾಗಿ ಹೊಡೆಯುವವನು ಡ್ರೈವರ್ ಹಿಡಿದೊಡನೆ ದಾರಿ ತಪ್ಪುವುದು ಇದರಿಂದಲೇ ಹೊರತು ಅವನ ಗ್ರಹಚಾರದಿಂದಲ್ಲ.

ಎಷ್ಟು ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. 200 ಗಜ ದೂರಕ್ಕೆ ಹೋಗುವ ಚೆಂಡು ಹೊರಡುವಾಗ ಒಂದು ಡಿಗ್ರಿ ತಪ್ಪಿದರೆ, ಬಾಗುವಿಕೆಯ ಮಾತು ಬಿಟ್ಟರೂ, ಬೀಳುವಾಗ ಮೂರೂವರೆ ಗಜ ಆಚೆ ಇರುತ್ತದೆ. ಐದು ಡಿಗ್ರಿಗೆ ಹದಿನೇಳೂವರೆ ಗಜ. ಫೇರ್‌ವೇಯ ಅಗಲ ಮೂವತ್ತೈದು ಗಜ ಎಂದುಕೊಂಡರೆ ನಡುವಿನಿಂದ ಅಂಚಿಗೆ ಅಷ್ಟೇ ದೂರ. ಗಡಿಯಾರದ ಮುಖದಲ್ಲಿ ಒಂದು ನಿಮಿಷಕ್ಕೆ ಆರು ಡಿಗ್ರಿ. ಅಂದರೆ ನಿಮಿಷದ ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯುವುದರೊಳಗೆ ನಮ್ಮ ಚೆಂಡು ಹುಲ್ಲಿನಿಂದ ಪೊದೆಗೆ ಹೋಗಿರುತ್ತದೆ. ಇನ್ನೂ ಬಲವಾಗಿ ಹೊಡೆದರೆ ಅದೇ ತಪ್ಪು ಇನ್ನೂ ದೂರಕ್ಕೆ ಹಿಗ್ಗುತ್ತದೆ.

ಇದನ್ನು ಬೀಸಿನ ನಡುವೆ ಸರಿಪಡಿಸಿಕೊಳ್ಳುತ್ತೇನೆ ಎನ್ನುವಂತಿಲ್ಲ. ಪಳಗಿದ ಆಟಗಾರರ ಕ್ಲಬ್ಬು ತಲೆಯ ಮೇಲಿಂದ ಚೆಂಡಿನವರೆಗೆ ಇಳಿಯಲು ತೆಗೆದುಕೊಳ್ಳುವುದು ಸುಮಾರು ಕಾಲು ಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಬೇಕಾಗುವ ಸಮಯವೂ ಹೆಚ್ಚೂ ಕಡಿಮೆ ಅಷ್ಟೇ. ಇನ್ನು ಚೆಂಡು ಕ್ಲಬ್ಬಿನ ಮುಖಕ್ಕೆ ಅಂಟಿಕೊಂಡಿರುವ ಅವಧಿ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಆ ಹೊತ್ತಿನಲ್ಲಿ ಅವೆರಡೂ ಜೊತೆಯಾಗಿ ಸಾಗುವುದು ಎರಡು ಸೆಂಟಿಮೀಟರಿನಷ್ಟು. ಹೊಡೆತದ ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಚೆಂಡಿನ ಹಣೆಬರಹ ಬರೆದಾಗಿರುತ್ತದೆ. ಹೀಗಾಗಿ ನಮ್ಮ ಕೈಯಲ್ಲಿರುವುದು ಬೀಸು ಆರಂಭವಾಗುವ ಮುಂಚಿನದು: ಹಿಡಿತ, ನಿಲುವು, ಚೆಂಡಿಟ್ಟ ಜಾಗ, ಭುಜಗಳ ದಿಕ್ಕು. ನೋಡುವವರಿಗೆ ಇವೆಲ್ಲ ಆಟವೇ ಅಲ್ಲ, ಆಟಕ್ಕೆ ಮುಂಚಿನ ಗೊಣಗಾಟ.

ವಿದ್ಯಾವಂತರಾದ ನಮಗೆ ಯಾವುದೇ ಕಷ್ಟ ಬಂದರೂ ಮೊದಲು ನೆನಪಾಗುವುದು ಪುಸ್ತಕ. ಹಳೆಯ ಪುಸ್ತಕದಂಗಡಿಯೊಂದರಲ್ಲಿ ಬೆನ್ ಹೋಗನ್ ಅವರ ‘ಫೈವ್ ಲೆಸನ್ಸ್’ ಸಿಕ್ಕಿತು. 1957ರಲ್ಲಿ ಪ್ರಕಟವಾದ ಇದು ಈ ಆಟದ ಪುಸ್ತಕಗಳಲ್ಲಿ ಬಹುಶಃ ಅತಿ ಹೆಚ್ಚು ಗೌರವ ಪಡೆದದ್ದು. ಹೋಗನ್ ಸಾಮಾನ್ಯರಲ್ಲ. 1949ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಹೆದ್ದಾರಿಯಲ್ಲಿ ಬಸ್ಸೊಂದು ಅವರ ಕಾರಿಗೆ ಎದುರಿನಿಂದ ಗುದ್ದಿ ಮೂಳೆಗಳು ಮುರಿದವು. ಮತ್ತೆ ನಡೆದಾರೆಂಬುದೇ ಸಂಶಯವಾಗಿದ್ದಾಗ ಮುಂದಿನ ವರ್ಷವೇ ಅವರು ಅಮೆರಿಕದ ಓಪನ್ ಗೆದ್ದರು. 1953ರಲ್ಲಿ ಒಂದೇ ವರ್ಷ ಮೂರು ಪ್ರಮುಖ ಪ್ರಶಸ್ತಿಗಳು ಅವರದಾದವು. ಅಂಥವರು ಬರೆದದ್ದನ್ನು ನಾನು ಭಗವದ್ಗೀತೆಯಂತೆ ಪಾರಾಯಣ ಮಾಡಿದೆ. ಹಿಡಿತದ ಚಿತ್ರವನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಒಂದು ತಿಂಗಳಲ್ಲಿ ನನ್ನ ಸ್ಲೈಸ್ ಎರಡರಷ್ಟಾಯಿತು.

ಪುಸ್ತಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಓದುಗನಲ್ಲಿ. ಯೌವನದಲ್ಲಿ ಹೋಗನ್ ಅವರನ್ನು ಕಾಡಿದ್ದು ಸ್ಲೈಸ್ ಅಲ್ಲ, ಹುಕ್. ಚೆಂಡು ರಭಸವಾಗಿ ಎಡಕ್ಕೆ ತಿರುಗುವ ಆ ರೋಗದಿಂದ ಪಾರಾಗಲು ಅವರು ವರ್ಷಗಟ್ಟಲೆ ದುಡಿದು, ಕೈಗಳ ಹಿಡಿತವನ್ನು ಎಡಕ್ಕೆ ಹೊರಳಿಸಿ, ಕ್ಲಬ್ಬಿನ ಮುಖ ಬೇಗ ಮುಚ್ಚಿಕೊಳ್ಳದಂತೆ ಮಾಡಿಕೊಂಡರು. ಅವರ ಹಿಡಿತದ ಪಾಠದ ಹಿಂದಿರುವುದು ಈ ಹೋರಾಟ. ಮುಖ ಮುಚ್ಚಿಕೊಳ್ಳುವುದೇ ಇಲ್ಲ ಎಂಬುದು ನನ್ನ ಕಷ್ಟ. ಮುಚ್ಚಿಕೊಳ್ಳದಂತೆ ತಡೆಯುವ ಉಪಾಯ ಅವರದು. ಸಕ್ಕರೆ ಕಾಯಿಲೆಯವನು ಪಕ್ಕದ ಮನೆಯವರ ನಿಶ್ಶಕ್ತಿಗೆ ಕೊಟ್ಟ ಟಾನಿಕ್ ಕುಡಿದಂತಾಗಿತ್ತು. ಬಲ್ಲವರ ಪುಸ್ತಕ ಓದುವ ಮುನ್ನ ಆ ಬಲ್ಲವರಿಗೆ ಯಾವ ಕಾಯಿಲೆಯಿತ್ತು ಎಂದು ತಿಳಿದುಕೊಳ್ಳಬೇಕೆಂದು ಯಾರೂ ನನಗೆ ಹೇಳಿರಲಿಲ್ಲ.

ಹೇಳಿದವರು ನನ್ನ ಕ್ಯಾಡಿ. ಊಟದ ಡಬ್ಬಿ ಉರುಳಿದ ದಿನ ಅವರು ನನ್ನ ಬ್ಯಾಗು ಹೊತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಹತ್ತು ವರ್ಷದ ಹುಡುಗನಿದ್ದಾಗಿನಿಂದ ಈ ಹುಲ್ಲಿನ ಮೇಲೆ ನಡೆದವರು. ಅದುವರೆಗೆ ನನ್ನ ಬೀಸಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕೇಳದೆ ಹೇಳುವುದು ಅವರ ಕೆಲಸದ ಮರ್ಯಾದೆಗೆ ಹೊಂದುವುದಿಲ್ಲ. ಅಂದು ನಾನಾಗಿಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಸೌದೆ ಒಡೀತಿದೀರಿ ಸಾರ್’ ಎಂದರು. ‘ಕೊಡಲಿ ಎತ್ತಿ ಮೇಲಿಂದ ಹಾಕ್ದಂಗೆ. ಇದು ಹಂಗಲ್ಲ. ಬಕೆಟ್‌ನಲ್ಲಿ ನೀರು ತಗೊಂಡು ಅಂಗಳಕ್ಕೆ ಎರಚ್ತೀವಲ್ಲ, ಹಂಗೆ ಬರ್ಬೇಕು.’

ಆ ಒಂದು ಮಾತಿನಲ್ಲಿ ನಾನು ಓದಿದ ಅನೇಕ ಅಧ್ಯಾಯಗಳಿದ್ದವು. ಸೌದೆ ಒಡೆಯುವವನ ಬಲಭುಜ ಮೊದಲು ಮುಂದೆ ಬರುತ್ತದೆ. ಆಗ ಕ್ಲಬ್ಬು ಹೊರಗಿನಿಂದ ಒಳಕ್ಕೆ, ಚೆಂಡಿಗೆ ಅಡ್ಡವಾಗಿ ಕೊಯ್ದುಕೊಂಡು ಹೋಗುತ್ತದೆ. ಬೀಸು ಎಡಕ್ಕೆ ಓಡುವುದಕ್ಕೆ ಮೂಲ ಕಾರಣ ಇದೇ. ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ನೀರು ಎರಚುವವರನ್ನು ಗಮನಿಸಿ. ಮೊದಲು ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಕೈಗಳು ಕೊನೆಗೆ ಬಂದು ತಾವಾಗಿಯೇ ಹೊರಳುತ್ತವೆ. ಬಕೆಟ್ಟಿನ ಹಿಡಿಯನ್ನು ಯಾರೂ ಉಸಿರುಗಟ್ಟಿ ಹಿಡಿಯುವುದಿಲ್ಲ. ಹಿಡಿದರೆ ನೀರು ಎರಚಿದವರ ಕಾಲ ಮೇಲೆಯೇ ಬೀಳುತ್ತದೆ.

ಹಿಡಿತದ ಬಗ್ಗೆ ಅವರು ಹೇಳಿದ್ದು ಇನ್ನೂ ಚಿಕ್ಕದು. ‘ಎಡಗೈ ಗಿಣ್ಣು ಎಷ್ಟು ಕಾಣ್ತಾವೆ?’ ಎಂದರು. ಬಗ್ಗಿ ನೋಡಿದರೆ ಒಂದು. ‘ಮೂರು ಕಾಣ್ಬೇಕು.’ ಎರಡೂ ಕೈಗಳನ್ನು ಕ್ಲಬ್ಬಿನ ಮೇಲೆ ತುಸು ಬಲಕ್ಕೆ ಹೊರಳಿಸಿದೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ಗೆರೆ ಬಲಭುಜದತ್ತ ತಿರುಗಿತು. ಕೈಗೆ ಅದು ಎಷ್ಟು ಅಪರಿಚಿತವಾಗಿತ್ತೆಂದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡಂತಿತ್ತು. ಮೊದಲ ಹತ್ತು ಚೆಂಡುಗಳಲ್ಲಿ ನಾಲ್ಕು ನೆಲ ಬಿಟ್ಟು ಏಳಲಿಲ್ಲ. ಹನ್ನೊಂದನೆಯದು ನೇರವಾಗಿ ಹೋಯಿತು. ಅದರ ಸದ್ದೇ ಬೇರೆ.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಒಮ್ಮೆ ನೇರ, ಒಮ್ಮೆ ಬಲಕ್ಕೆ. ಹಿಡಿತ ಸರಿಯಿದ್ದರೂ, ಬೀಸು ಹಿತವಾಗಿ ಬಂದರೂ ಚೆಂಡು ಬಾಗುತ್ತಿತ್ತು. ಇದರ ಗುಟ್ಟು ಬಿಟ್ಟುಕೊಟ್ಟದ್ದು ಮೂವತ್ತು ರೂಪಾಯಿಯ ಟಾಲ್ಕಂ ಪೌಡರ್. ಡ್ರೈವರಿನ ಮುಖಕ್ಕೆ ಅದನ್ನು ತೆಳುವಾಗಿ ಸವರಿ ಹೊಡೆದರೆ ಚೆಂಡು ತಾಗಿದ ಗುರುತು ಉಳಿಯುತ್ತದೆ. ನನ್ನ ಗುರುತುಗಳಲ್ಲಿ ಹೆಚ್ಚಿನವು ನಡುವಿನಲ್ಲಿರದೆ ಕ್ಲಬ್ಬಿನ ಹಿಮ್ಮಡಿಯ ಕಡೆಗೆ, ಕೋಲು ಸೇರುವ ಜಾಗಕ್ಕೆ ಹತ್ತಿರವಿದ್ದವು. ಡ್ರೈವರಿನ ತಲೆಯ ತೂಕದ ಕೇಂದ್ರ ಮುಖದಿಂದ ಹಿಂದಕ್ಕಿರುತ್ತದೆ. ಚೆಂಡು ಹಿಮ್ಮಡಿಯ ಕಡೆ ತಾಗಿದರೆ ತಲೆ ಒಂದು ಕಡೆಗೆ ತಿರುಗುತ್ತದೆ, ಎರಡು ಹಲ್ಲುಚಕ್ರಗಳು ಕೂಡಿಕೊಂಡಂತೆ ಚೆಂಡು ಅದರ ಎದುರು ದಿಕ್ಕಿಗೆ ತಿರುಗಿ ಬಲಕ್ಕೆ ಬಾಗುತ್ತದೆ. ತುದಿಯ ಕಡೆ ತಾಗಿದರೆ ಎಡಕ್ಕೆ. ಬೀಸಿನಲ್ಲಿ ದೋಷವೇ ಇಲ್ಲದಿದ್ದರೂ ತಾಗಿದ ಜಾಗವೊಂದೇ ಚೆಂಡನ್ನು ಪೊದೆಗೆ ಕಳಿಸಬಲ್ಲದು. ನಾನು ಚೆಂಡಿಗೆ ಒಂದಿಂಚು ಹತ್ತಿರ ನಿಲ್ಲುತ್ತಿದ್ದೆ, ಅಷ್ಟೇ. ತಿಂಗಳುಗಟ್ಟಲೆ ಭುಜ, ಸೊಂಟ, ಮಣಿಕಟ್ಟುಗಳನ್ನು ಶಪಿಸಿದ್ದೆಲ್ಲ ವ್ಯರ್ಥ.

ಅಭ್ಯಾಸದ ಅಂಗಳದಲ್ಲಿ ನಾವು ಮಾಡುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಬುಟ್ಟಿ ತುಂಬ ಚೆಂಡು ತಂದು, ಡ್ರೈವರನ್ನೇ ಹಿಡಿದು, ಬೆವರು ಇಳಿಯುವವರೆಗೆ ಹೊಡೆದು ಮನೆಗೆ ಹೋಗುವವರೇ ಹೆಚ್ಚು. ಆ ವಿಶಾಲ ಬಯಲಿನಲ್ಲಿ ಚೆಂಡು ಎಲ್ಲಿ ಬಿದ್ದರೂ ಯಾರೂ ಕೇಳುವುದಿಲ್ಲ, ಆದ್ದರಿಂದ ಎಲ್ಲವೂ ನೇರವಾಗಿ ಹೋದಂತೆ ಕಾಣುತ್ತದೆ. ಒಂದು ದಿನ ಕಾಲಿನ ಮುಂದೆ ನೆಲದ ಮೇಲೆ ಇನ್ನೊಂದು ಕ್ಲಬ್ಬನ್ನು ಇಟ್ಟು, ಹಿಂದೆ ಹೋಗಿ ನಿಂತು ನೋಡಿದೆ. ನೇರವಾಗಿ ನಿಂತಿದ್ದೇನೆಂದು ನಾನು ಪ್ರಮಾಣ ಮಾಡಬಲ್ಲವನಾಗಿದ್ದಾಗ ನನ್ನ ಪಾದಗಳು ಗುರಿಯಿಂದ ಇಪ್ಪತ್ತು ಗಜ ಎಡಕ್ಕೆ ನೋಡುತ್ತಿದ್ದವು. ಹಳೆಯ ರೋಗದ ಪಳೆಯುಳಿಕೆ. ಜ್ಯಾಕ್ ನಿಕ್ಲಾಸ್ ತಮ್ಮ ಆಟದ ಕಾಲದುದ್ದಕ್ಕೂ ಒಂದು ಸರಳ ಕ್ರಮ ಅನುಸರಿಸುತ್ತಿದ್ದರು. ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಆ ಗೆರೆಯ ಮೇಲೆ ಚೆಂಡಿಗೆ ಕೆಲವೇ ಅಡಿ ಮುಂದಿರುವ ಒಂದು ಒಣ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತಿಟ್ಟುಕೊಂಡು, ಕ್ಲಬ್ಬಿನ ಮುಖವನ್ನು ಅದಕ್ಕೆ ಹೊಂದಿಸುವುದು. ಇನ್ನೂರು ಗಜದಾಚೆಯ ಮರಕ್ಕೆ ಗುರಿಯಿಡುವುದಕ್ಕಿಂತ ಮೂರಡಿ ಮುಂದಿನ ಎಲೆಗೆ ಗುರಿಯಿಡುವುದು ಸುಲಭ. ಇದಕ್ಕೆ ಖರ್ಚೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ನೇರಕ್ಕಿಂತ ದೂರವೇ ಮುಖ್ಯವೆಂದು ಈಗ ಅಂಕಿಅಂಶಗಳೇ ಹೇಳುತ್ತವಲ್ಲ? ಹೌದು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ವೃತ್ತಿಪರರ ಲಕ್ಷಾಂತರ ಹೊಡೆತಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅವರ ಮಟ್ಟದಲ್ಲಿ ಫೇರ್‌ವೇ ಹಿಡಿಯುವುದಕ್ಕಿಂತ ದೂರ ಹೊಡೆಯುವುದು ಹೆಚ್ಚು ಲಾಭದಾಯಕವೆಂದು ತೋರಿಸಿದರು. 2020ರ ಅಮೆರಿಕದ ಓಪನ್‌ನಲ್ಲಿ ಬ್ರೈಸನ್ ಡಿಶಾಂಬೊ ನಾಲ್ಕು ದಿನಗಳಲ್ಲಿ 56 ಫೇರ್‌ವೇಗಳಲ್ಲಿ ಹಿಡಿದದ್ದು ಕೇವಲ 23. ಗೆದ್ದದ್ದು ಆರು ಹೊಡೆತಗಳ ಅಂತರದಿಂದ. ಆದರೆ ಉದ್ದ ಹುಲ್ಲಿನೊಳಗಿಂದ ಚೆಂಡನ್ನು ಕಿತ್ತೆಸೆಯುವ ಅವರ ತೋಳು ನನಗಿಲ್ಲ. ಅವರ ತಪ್ಪು ಹುಲ್ಲಿಗೆ ಹೋಗುತ್ತದೆ, ನನ್ನದು ಬೇಲಿಯಾಚೆಗೆ. ಬೇಲಿ ದಾಟಿದರೆ ಒಂದು ದಂಡದ ಹೊಡೆತ, ಜೊತೆಗೆ ಮೊದಲಿನ ಜಾಗಕ್ಕೇ ಹಿಂದಿರುಗಿ ಮತ್ತೆ ಹೊಡೆಯುವ ಅವಮಾನ. ಬ್ರಾಡಿಯವರ ಲೆಕ್ಕವನ್ನು ಉದ್ಧರಿಸುವ ನನ್ನ ಮಿತ್ರರು ವೃತ್ತಿಪರರ ಮಟ್ಟ ಎಂಬ ಮಾತನ್ನು ಮಾತ್ರ ಮರೆಯುತ್ತಾರೆ.

ಮೈದಾನದ ಪ್ರಶ್ನೆಯೂ ಇದೆ. ದೆಹಲಿ ಗಾಲ್ಫ್ ಕ್ಲಬ್ಬಿನ ಫೇರ್‌ವೇಗಳ ಎರಡೂ ಬದಿ ಪೊದೆ ಎಷ್ಟು ದಟ್ಟವೆಂದರೆ ಒಳಗೆ ಹೋದ ಚೆಂಡನ್ನು ಹುಡುಕುವುದೇ ದಡ್ಡತನ. 2008ರಲ್ಲಿ ಯುರೋಪಿಯನ್ ಟೂರ್ ಮೊದಲ ಬಾರಿಗೆ ಭಾರತಕ್ಕೆ ಬಂದಾಗ ಅಲ್ಲಿ ಗೆದ್ದವರು ಎಸ್.ಎಸ್.ಪಿ. ಚೌರಾಸಿಯಾ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ, ಗಿಡ್ಡ ಆಳು, ದೂರ ಹೊಡೆಯುವವರ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಂಡವರಲ್ಲ. ಎಂಟು ವರ್ಷಗಳ ನಂತರ ಅದೇ ಅಂಗಳದಲ್ಲಿ ಅವರು ಇಂಡಿಯನ್ ಓಪನ್ನನ್ನೂ ಗೆದ್ದರು. ಅವರ ಹಿಂದೆ ಉಳಿದವರಲ್ಲಿ ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಒಬ್ಬರು. 2025ರ ಅಕ್ಟೋಬರಿನಲ್ಲಿ ಅಲ್ಲಿ ಆಡಲು ಬಂದ ರೋರಿ ಮೆಕಿಲ್‌ರಾಯ್, ಈ ಆಟದ ಅತ್ಯುತ್ತಮ ಡ್ರೈವರ್ ಎನಿಸಿಕೊಂಡವರು, ಅಂಗಳ ನೋಡಿ ಡ್ರೈವರನ್ನು ಬದಿಗಿಟ್ಟರು.

ನಮ್ಮ ಊರಿನವರೇ ಆದ ಅದಿತಿ ಅಶೋಕ್ ಅವರನ್ನು ಬಿಟ್ಟು ಈ ಮಾತು ಮುಗಿಯದು. 2021ರ ಆಗಸ್ಟಿನ ಆ ಶನಿವಾರ ಬೆಳಿಗ್ಗೆ, ಗಾಲ್ಫ್ ಎಂದರೆ ಏನೆಂದು ತಿಳಿಯದ ಮನೆಗಳಲ್ಲೂ ಟಿ.ವಿ. ಮುಂದೆ ಜನ ಕುಳಿತಿದ್ದರು. ಟೋಕಿಯೊ ಒಲಿಂಪಿಕ್ಸಿನಲ್ಲಿ 60 ಮಂದಿಯ ನಡುವೆ ಡ್ರೈವಿನ ದೂರದಲ್ಲಿ ಅವರು 59ನೆಯವರು. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಮೈಯ ಶಕ್ತಿ ಕುಂದಿತ್ತು. ಎದುರಾಳಿಗಳ ಚೆಂಡು ಎಷ್ಟೋ ಮುಂದೆ ಬಿದ್ದಿರುತ್ತಿತ್ತು. ತಾಯಿಯನ್ನೇ ಕ್ಯಾಡಿಯಾಗಿ ಜೊತೆಗಿಟ್ಟುಕೊಂಡು, ಹಸಿರಿನ ಮೇಲೆ ಯಾರಿಗೂ ಸಾಧ್ಯವಾಗದ ಪಟ್ಟಿಂಗ್ ಮಾಡಿ, ಅವರು ನಾಲ್ಕನೆಯವರಾದರು. ಕಂಚಿಗೆ ಒಂದೇ ಹೊಡೆತ ಕಡಿಮೆ. ನೇರವೊಂದೇ ಸಾಕು ಎಂಬ ನೀತಿಕಥೆಯಾಗಿ ಇದನ್ನು ಹೇಳುವವರಿದ್ದಾರೆ. ಅದಿತಿ ಹಾಗೆ ಭಾವಿಸಿದಂತಿಲ್ಲ. ಆ ನಂತರ ಅವರು ಬೀಸಿನ ವೇಗ ಹೆಚ್ಚಿಸಿಕೊಳ್ಳಲು ಶ್ರಮಿಸಿದರು, ದೂರ ಗಳಿಸಿದರು. 2023ರಲ್ಲಿ ಕೆನ್ಯಾ ಮತ್ತು ಸ್ಪೇನ್‌ಗಳಲ್ಲಿ ಪ್ರಶಸ್ತಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಅವರಿಗೆ ಬಂದವು. ದಿಕ್ಕು ಮೊದಲು ಕೈಗೂಡಿದ್ದರಿಂದ ದೂರವನ್ನು ಅದಕ್ಕೆ ಸೇರಿಸಲು ಸಾಧ್ಯವಾಯಿತು ಎಂದು ನನಗೆ ತೋರುತ್ತದೆ. ದೂರ ಮೊದಲು ಕಲಿತು ದಿಕ್ಕನ್ನು ಆಮೇಲೆ ಸೇರಿಸಿಕೊಳ್ಳುವ ಶಾಲೆಯೂ ಉಂಟು. ಆದರೆ ಅಲ್ಲಿ ಹನ್ನೆರಡರ ವಯಸ್ಸಿಗೇ ಸೇರಬೇಕು, ಐವತ್ತಕ್ಕಲ್ಲ.

ಚೆಂದದ ಬೀಸಿನ ಬಗ್ಗೆ ನಮಗಿರುವ ವ್ಯಾಮೋಹವೂ ಕಡಿಮೆಯಾಗಬೇಕು. ಜಿಮ್ ಫ್ಯೂರಿಕ್ ಅವರ ಕ್ಲಬ್ಬು ಮೇಲೇರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ, ನಡುವೆ ಒಂದು ಸುತ್ತು. ಆ ಬೀಸಿನಿಂದಲೇ ಅವರು 2003ರ ಅಮೆರಿಕದ ಓಪನ್ ಗೆದ್ದರು, 2016ರಲ್ಲಿ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ಕ್ಲಬ್ಬು ಎಲ್ಲಿ ಅಲೆದಾಡಿದರೂ ಚೆಂಡಿನ ಬಳಿಗೆ ಬರುವಾಗ ಪ್ರತಿಸಲವೂ ಒಂದೇ ಬಗೆಯಲ್ಲಿ ಬಂದರೆ ಸಾಕು. ಕ್ಯಾಡಿಗಳಾಗಿ ಬೆಳೆದ ಆಟಗಾರರ ಬೀಸುಗಳು ಹಾಗೆಯೇ ಇರುತ್ತವೆ. ಯಾರೂ ಕಲಿಸದೆ, ಎರವಲು ತಂದ ಒಂದೋ ಎರಡೋ ಕ್ಲಬ್ಬಿನಲ್ಲಿ, ಯಜಮಾನರಿಲ್ಲದ ದಿನ ಆಡಿ ಕಲಿತದ್ದು. ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಇನ್ನೊಬ್ಬರ ಬ್ಯಾಗು ಹೊರುವುದರಿಂದ ಆರಂಭಿಸಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಂಥ ಒಬ್ಬರ ಹೆಸರು ಪತ್ರಿಕೆಗೆ ಬಂದರೆ ಹೆಸರು ಬಾರದವರು ನೂರಾರು ಮಂದಿ. ನಮ್ಮ ಚೆಂಡು ಎಲ್ಲಿ ಬೀಳುತ್ತದೆಂದು ನಾವು ಹೊಡೆಯುವ ಮೊದಲೇ ಬಲ್ಲವರು ಅವರು. ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ಮೊನ್ನೆ ಅದೇ ತಿರುವಿನಲ್ಲಿ, ಅದೇ ಸಾಲುಮರಗಳ ಎದುರು ನಿಂತಾಗ ನೆರಳಿನಲ್ಲಿ ನಾಲ್ವರು ಹೆಂಗಸರು ಕಳೆ ಕೀಳುತ್ತಿದ್ದರು. ಕ್ಯಾಡಿ ಶಿಳ್ಳೆ ಹೊಡೆದು ಕೈ ಮಾಡಿದರು. ಅವರು ಎದ್ದು ಮರಗಳ ಹಿಂದೆ ಸರಿಯುವವರೆಗೆ ಕಾದೆವು. ಹಿಂದಿನ ಗುಂಪಿನವರು ಗಡಿಯಾರ ನೋಡಿಕೊಳ್ಳುತ್ತಿದ್ದುದು ಬೆನ್ನಿಗೆ ತಿಳಿಯುತ್ತಿತ್ತು. ನಾನು ಡ್ರೈವರ್ ಕೇಳಲಿಲ್ಲ. ಮೂರನೇ ನಂಬರಿನ ವುಡ್ ತೆಗೆದುಕೊಂಡೆ; ಹೆಸರಷ್ಟೇ ವುಡ್, ಈಗ ಅದೂ ಲೋಹವೇ. ಗಿಣ್ಣು ಎಣಿಸಿದೆ, ಮೂರಡಿ ಮುಂದೆ ಒಂದು ಒಣ ಎಲೆ ನೋಡಿಕೊಂಡೆ, ಬಕೆಟ್ಟು ನೆನೆದುಕೊಂಡೆ. ಚೆಂಡು ಹಗುರವಾಗಿ ಮೇಲೆದ್ದು, ಸ್ವಲ್ಪ ದೂರ ನೆಟ್ಟಗೆ ಹೋಗಿ, ನಿಧಾನವಾಗಿ ಎಡಕ್ಕೆ ಬಾಗಿ, ಫೇರ್‌ವೇ ದಾಟಿ ಆಚೆ ಬದಿಯ ಉದ್ದ ಹುಲ್ಲಿನೊಳಗೆ ಇಳಿಯಿತು. ಆ ಕಡೆ ಯಾರೂ ಇರಲಿಲ್ಲ.

ಕ್ಯಾಡಿ ಬ್ಯಾಗು ಹೆಗಲಿಗೇರಿಸಿ, ‘ಬಲಕ್ಕೆ ಹೋಗೋದು ನಿಂತೋಯ್ತು ಸಾರ್’ ಎಂದರು. ಹತ್ತು ಹೆಜ್ಜೆ ನಡೆದ ಮೇಲೆ, ‘ಇನ್ನು ಇದನ್ನ ನೋಡ್ಕೋಬೇಕು’ ಎಂದರು.